ಮುಂದಾಳೆಂದರೆ ಯಾರು? ಪಂಡಿತಾ ರಮಾಬಾಯಿಯವರ ಜೀವನಚರಿತ್ರೆ

ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಶಾಲೆಯು ಪ್ರಾರಂಭವಾದ ಹದಿನೈದು ದಿನಗಳೊಳಗೆ ಒಂದೊಂದು ತರಗತಿಯೂ ತನ್ನ ಮುಂದಾಳನ್ನು ಆರಿಸಿಕೊಳ್ಳುವುದು ನಮ್ಮ ಶಾಲೆಯ ಪದ್ಧತಿ. ಹಳೆಯ ವಿದ್ಯಾರ್ಥಿನಿಯರಿಗೆಲ್ಲಾ ಇದು ನೆನಪಿರುವ ಸಂಗತಿಯೇ ಸರಿ. ಸಾಮಾನ್ಯವಾಗಿ ಎತ್ತರವಾಗಿರುವ ಹುಡುಗಿಗೋ, ಗಟ್ಟಿಯಾದ ಧ್ವನಿಯುಳ್ಳವಳಿಗೋ, ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಬರುವವಳಿಗೋ ಹೆಚ್ಚು ಕೈಗಳು ಮೇಲೇಳುತ್ತವೆ. ಕೆಲವು ವರ್ಷಗಳ ಹಿಂದೆ ಹೀಗೆ ಆರಿಸಲ್ಪಟ್ಟ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಸಂಜೆಯ ಗಂಟೆ ಹೊಡೆದ ಮೇಲೆ ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತು, ಮುಂದಾಳಾದವಳು ಮಾಡಬೇಕಾದ ಕೆಲಸವೇನೆಂದು ಕೇಳಿದಳು. ನಾನು ಕಾಗದಪತ್ರಗಳ ನಡುವೆ ಇದ್ದೆನು. ಉಪಾಧ್ಯಾಯಿನಿಯರು ಇಲ್ಲದ ವೇಳೆಯಲ್ಲಿ ಮಾತನಾಡುವವರ ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಬರೆದಿಡಬೇಕೆಂದೂ, ಸೀಮೆಸುಣ್ಣವು ಮುಗಿದಿದ್ದರೆ ಆಫೀಸಿನಿಂದ ತರಬೇಕೆಂದೂ ಹೇಳಿ ಕಳುಹಿಸಿಬಿಟ್ಟೆನು. ಹುಡುಗಿಯು ತಲೆದೂಗಿ ಹೋದಳು. ಆದರೆ ನಾನು ಹೇಳಿದ ಉತ್ತರವು ರಾತ್ರಿಯಲ್ಲಿ ನನಗೇ ಸರಿದೋರಲಿಲ್ಲ. ಜೊತೆಯವರ ತಪ್ಪುಗಳನ್ನು ಬರೆದಿಡುವುದೇ ಮುಂದಾಳುತನವೆಂದು ನಾನೇ ಆ ಮಗುವಿಗೆ ಕಲಿಸಿದಂತಾಯಿತಲ್ಲಾ ಎಂದು ಮನಸ್ಸು ನೊಂದುಕೊಂಡಿತು.

ಮಾರನೆಯ ವಾರದಿಂದ ಎಲ್ಲಾ ತರಗತಿಗಳ ಮುಂದಾಳುಗಳನ್ನು ಶುಕ್ರವಾರ ಸಂಜೆ ಬೇವಿನ ಮರದ ಕೆಳಗೆ ಕೂಡಿಸಿಕೊಂಡು, ಸ್ತ್ರೀಯೊಬ್ಬಳ ಜೀವನಚರಿತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳುತ್ತಾ ಬಂದೆನು. ಮುಂದಾಳೆಂದರೆ ಯಾರೆಂಬುದನ್ನು ನಾನು ಹೇಳುವುದಕ್ಕಿಂತಲೂ ಅವರೇ ಆ ಚರಿತ್ರೆಯೊಳಗೆ ಹುಡುಕಿಕೊಳ್ಳುವುದು ಲೇಸೆಂದು ನನಗೆ ತೋರಿತು. ಅದೇ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದೆಯೂ ಇಡುತ್ತೇನೆ.

ಜನನ ಮತ್ತು ಬಾಲ್ಯ

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳಿದೊಡನೆ ಅನೇಕರಿಗೆ ಪುಣೆಯೂ ಮಹಾರಾಷ್ಟ್ರವೂ ನೆನಪಿಗೆ ಬರುತ್ತವೆ. ಆದರೆ ಆಕೆಯು ಹುಟ್ಟಿದ್ದು ನಮ್ಮ ಕನ್ನಡನಾಡಿನಲ್ಲಿಯೇ. ಪಶ್ಚಿಮಘಟ್ಟದ ಮೇಲೆ, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಸ್ಥಳವಾದ ಗಂಗಾಮೂಲವೆಂಬ ಕಾಡಿನಲ್ಲಿ, ೧೮೫೮ನೆಯ ಇಸವಿ ಏಪ್ರಿಲ್ ೨೩ನೆಯ ತಾರೀಖು ಆಕೆಯ ಜನನವಾಯಿತು. ಆ ಸ್ಥಳವು ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ.

ಆಕೆಯ ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡು, ಹೆಂಗಸರೂ ಹೀಗೆ ಓದಬಹುದಲ್ಲಾ ಎಂಬ ಆಶ್ಚರ್ಯವು ಅವರ ಮನಸ್ಸಿನಲ್ಲಿ ಬೇರೂರಿತು. ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಗೆ ಅವರು ಮನೆಯಲ್ಲಿಯೇ ಪಾಠ ಹೇಳತೊಡಗಿದರು. ನೆಂಟರಿಷ್ಟರು ಕೆರಳಿದರು, ಊರಿನವರು ದೂರಿದರು. ಇದಕ್ಕೆ ಸಮಾಧಾನ ಹೇಳುವುದಕ್ಕಾಗಿ ಅವರು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಲ್ಲಬೇಕಾಯಿತು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂಬುದನ್ನು ಗ್ರಂಥಗಳ ಆಧಾರದಿಂದಲೇ ಅವರು ಅಲ್ಲಿ ಸಾಧಿಸಿ ತೋರಿಸಿದರು. ಹೀಗಿದ್ದರೂ ಊರಿನ ಕಿರುಕುಳಕ್ಕಿಂತ ಕಾಡೇ ಮೇಲೆಂದು ಗಂಗಾಮೂಲದಲ್ಲಿ ಮನೆಯನ್ನು ಕಟ್ಟಿಕೊಂಡು, ಅಲ್ಲಿಗೇ ಬಂದ ಶಿಷ್ಯರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುತ್ತಾ ಇದ್ದರು. ಗಂಡುಮಕ್ಕಳಿಗೆ ಇಷ್ಟು, ಹೆಣ್ಣುಮಕ್ಕಳಿಗೆ ಇಷ್ಟು ಎಂದು ವಿದ್ಯೆಯನ್ನು ಅಳೆದು ಕೊಡುವ ತಂದೆತಾಯಂದಿರು ಇಂದಿಗೂ ನಮ್ಮಲ್ಲಿ ಇಲ್ಲದಿಲ್ಲ. ಅವರು ಈ ಕಾಡಿನ ಮನೆಯನ್ನು ಒಂದು ಸಾರಿ ನೆನೆಯಬೇಕು. ಮಗಳು ಮುಂದಾಳಾಗುವುದಕ್ಕೆ ಮೊದಲು ತಂದೆಯು ಸಭೆಯ ಮುಂದೆ ಒಬ್ಬನೇ ನಿಂತಿದ್ದನು.

ಅತಿಥಿಗಳಿಗೂ ಶಿಷ್ಯರಿಗೂ ಇಕ್ಕಿ ಇಕ್ಕಿ ಇದ್ದ ಹಣವೆಲ್ಲಾ ಕರಗಿತು. ರಮಾಬಾಯಿಯು ಆರು ತಿಂಗಳ ಕೂಸಾಗಿದ್ದಾಗ ಆಕೆಯನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು, ಸಂಸಾರವು ಘಟ್ಟವನ್ನಿಳಿಯಿತು. ಅಂದಿನಿಂದ ಅವರಿಗೆ ಮನೆಯೆಂಬುದೇ ಇಲ್ಲವಾಯಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಾಲಯಗಳಲ್ಲಿ ಪುರಾಣವನ್ನು ಓದಿ, ಕೇಳಿದವರು ಕೊಟ್ಟ ಕಾಣಿಕೆಯಿಂದ ಹೊಟ್ಟೆ ಹೊರೆಯುವುದೇ ಜೀವನವಾಯಿತು. ತಂದೆಯವರಿಗೆ ಆಗಲೇ ಮುಪ್ಪು ಬಂದಿದ್ದುದರಿಂದ ತಾಯಿಯೇ ಮಗಳಿಗೆ ಗುರುವಾದಳು. ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ ಕೂರಿಸಿಕೊಂಡು, ಪುಸ್ತಕವನ್ನು ಕೈಗೆ ಕೊಡದೆ ಬಾಯಿಂದ ಬಾಯಿಗೆ ಪಾಠ ಹೇಳುತ್ತಿದ್ದಳು. ಇನ್ನೂ ಚಿಕ್ಕವಳಿದ್ದಾಗಲೇ ರಮಾಬಾಯಿಗೆ ಭಾಗವತದ ಸಾವಿರಾರು ಶ್ಲೋಕಗಳು ಕಂಠಪಾಠವಾಗಿದ್ದವು. ಕಾಲುನಡಿಗೆಯಲ್ಲಿ ಕಂಡ ದೇಶದೇಶಗಳ ಮಾತುಗಳೂ ಆಕೆಗೆ ಬಂದುವು. ಕನ್ನಡ, ಮರಾಠಿ, ಹಿಂದಿ, ಬಂಗಾಳಿ ಭಾಷೆಗಳನ್ನು ಆಕೆಯು ಬಲ್ಲಳು.

ಹಸಿವೆಯ ಪಾಠ

೧೮೭೪ರ ಸುಮಾರಿಗೆ ಮದರಾಸು ಪ್ರಾಂತದಲ್ಲಿ ಕ್ಷಾಮವು ತಲೆದೋರಿತು. ತಾನೇ ಉಣ್ಣಲಿಲ್ಲದ ಜನವು ಪುರಾಣವನ್ನು ಕೇಳಿ ಕಾಣಿಕೆ ಕೊಡುವುದೆಲ್ಲಿ ಬಂತು? ಶಾಸ್ತ್ರಿಗಳ ಮನೆಯವರಿಗೆ ಕೂಲಿಮಾಡಿ ಗೊತ್ತಿಲ್ಲ, ಬೇಡಲು ನಾಚಿಕೆ. ಪಾತ್ರೆ ಪದಾರ್ಥಗಳನ್ನೆಲ್ಲಾ ಮಾರಿಕೊಂಡು, ಕಡೆಗೆ ಕಾಡಿನ ಎಲೆಗಳನ್ನು ತಿಂದು ದಿನಗಳೆದರು. ಮೊದಲು ತಂದೆಯು ತೀರಿಕೊಂಡರು. ತಾಯಿಯು ಜ್ವರದಿಂದ ಮಲಗಿ ಒಂದು ತುಂಡು ರೊಟ್ಟಿಗಾಗಿ ಹಂಬಲಿಸಿದಾಗ, ರಮಾಬಾಯಿಯು ನೆರೆಮನೆಗೆ ಹೋಗಿ ನಿಂತಳು. ಆದರೆ ಬೇಡುವ ಮಾತು ನಾಲಗೆಯ ಮೇಲೆ ಬಾರದೆ ಕಣ್ಣೀರೊಂದೇ ಬಂದಿತು. ಆ ಮನೆಯ ಗೃಹಿಣಿಯು ಕೇಳದೆಯೇ ತಿಳಿದುಕೊಂಡು ರೊಟ್ಟಿಯನ್ನು ಕೊಟ್ಟಳು. ಸ್ವಲ್ಪ ಕಾಲದಲ್ಲಿಯೇ ತಾಯಿಯೂ ಹೋದಳು. ಹೆಣವನ್ನು ಹೊರುವುದಕ್ಕೆ ನಾಲ್ಕು ಜನ ಸಿಕ್ಕದೆ, ಮಗಳೇ ಒಂದು ಹೆಗಲಾಗಬೇಕಾಯಿತು. ಎತ್ತರ ಸಾಲದೆ ಆಕೆಯು ಚಟ್ಟವನ್ನು ತಲೆಯ ಮೇಲೆ ಹೊತ್ತಳೆಂದು ಹೇಳುತ್ತಾರೆ. ಅಕ್ಕನೂ ಉಳಿಯಲಿಲ್ಲ. ಅಣ್ಣನಾದ ಶ್ರೀನಿವಾಸನೂ ತಂಗಿಯೂ ಇಬ್ಬರೇ ಉಳಿದರು.

ಈ ಕಥೆಯನ್ನು ಕೋಲಾರದಲ್ಲಿ ಹೇಳುವಾಗ ಬೇರೊಂದು ಮಾತು ನೆನಪಾಗದೆ ಇರದು. ಇದಾದ ಎರಡು ವರ್ಷಗಳಲ್ಲಿಯೇ, ಅಂದರೆ ೧೮೭೬ರಿಂದ ೧೮೭೮ರ ವರೆಗೆ, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ ಮಹಾಕ್ಷಾಮವು ಮೈಸೂರು ಸೀಮೆಯನ್ನೂ ಹಾಳುಮಾಡಿತು. ಕೆರೆಗಳನ್ನೇ ನಂಬಿದ ನಮ್ಮ ಜಿಲ್ಲೆಯು ಬಹಳವಾಗಿ ನೊಂದಿತು. ಆಗ ಕುಮಾರಿ ಲೂಯಿಸಾ ಆನ್‌ಸ್ಟೀ ಎಂಬ ಮಿಷನರಿ ಸ್ತ್ರೀಯು ಕೋಲಾರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಒಟ್ಟುಗೂಡಿಸಿ ಅನಾಥಾಲಯವನ್ನು ನಡೆಸಿದರು. ೧೮೯೦ರಲ್ಲಿ ಆ ಕೆಲಸವು ಮೆಥೊಡಿಸ್ಟ್ ಸಭೆಗೆ ಒಪ್ಪಿಸಲ್ಪಟ್ಟಿತು. ಈ ಊರಿನ ಮಿಷನ್ ಕೆಲಸವು ಬೆಳೆದದ್ದು ಹಸಿದ ಮಕ್ಕಳ ಸುತ್ತಲೂ ಎಂಬುದನ್ನು ನಾವು ಮರೆಯಲಾಗದು.

ಅಣ್ಣತಂಗಿಯರು ಉತ್ತರಕ್ಕೆ ನಡೆದರು. ಸಾವಿರಾರು ಮೈಲಿಗಳ ನಡಿಗೆ, ಹೊದೆಯಲು ಬಟ್ಟೆಯಿಲ್ಲ. ಜೀಲಂ ನದಿಯ ತೀರದಲ್ಲಿ ಚಳಿಯನ್ನು ತಡೆಯಲಾರದೆ ಮರಳಿನಲ್ಲಿ ಗುಂಡಿಗಳನ್ನು ತೋಡಿ, ಕುತ್ತಿಗೆಯ ವರೆಗೆ ಮರಳನ್ನು ಮುಚ್ಚಿಕೊಂಡು ರಾತ್ರಿಗಳನ್ನು ಕಳೆದರು. ಬೇವಿನ ಮರದ ಕೆಳಗೆ ಈ ಭಾಗವನ್ನು ಹೇಳಿದ ದಿನ ಹುಡುಗಿಯರು ಯಾರೂ ಮಾತನಾಡಲಿಲ್ಲ. ಒಬ್ಬಳು ಮಾತ್ರ, ಇಷ್ಟು ಕಷ್ಟಪಟ್ಟವಳು ಮುಂದಾಳಾದದ್ದು ಹೇಗೆ ಮಿಸ್, ಕಷ್ಟಪಟ್ಟವರು ಹಲವರು ಕಲ್ಲಾಗಿಬಿಡುತ್ತಾರಲ್ಲಾ ಎಂದು ಕೇಳಿದಳು. ಅದು ಒಳ್ಳೆಯ ಪ್ರಶ್ನೆ. ಮುಂದಿನ ಚರಿತ್ರೆಯೇ ಅದಕ್ಕೆ ಉತ್ತರ.

ಹೊಗಳಿಕೆಯೂ ವೈಧವ್ಯವೂ

೧೮೭೮ರಲ್ಲಿ ಅವರು ಕಲ್ಕತ್ತೆಯನ್ನು ಮುಟ್ಟಿದರು. ಇಪ್ಪತ್ತು ವರ್ಷದ ಹೆಂಗಸೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಭಾಷಣಮಾಡುವುದನ್ನು ಕೇಳಿ ಅಲ್ಲಿಯ ಪಂಡಿತರು ಬೆರಗಾದರು. ಆಕೆಯನ್ನು ಪರೀಕ್ಷಿಸಿ ನೋಡಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. ನಿನ್ನೆಯ ತನಕ ಎಲೆಯನ್ನು ತಿಂದವಳಿಗೆ ಇಂದು ಸಭೆಗಳಲ್ಲಿ ಹೂವಿನ ಹಾರ! ಬೇರೆಯವರಾಗಿದ್ದರೆ ಈ ಹೊಗಳಿಕೆಯಲ್ಲಿಯೇ ತೃಪ್ತಿಪಟ್ಟು ಬಾಳನ್ನು ಸಾಗಿಸುತ್ತಿದ್ದರೇನೋ. ರಮಾಬಾಯಿಯಾದರೋ ಆ ಸಭೆಗಳಲ್ಲಿ ಹೆಂಗಸರ ವಿದ್ಯೆಯ ವಿಷಯವಾಗಿಯೇ ಮಾತನಾಡಿದಳು. ಪರದೆಯ ಹಿಂದೆ ಕುಳಿತು ಕೇಳುತ್ತಿದ್ದ ಹೆಂಗಸರಿಗೂ ತನಗೂ ಇದ್ದ ವ್ಯತ್ಯಾಸವು ಬುದ್ಧಿಯದಲ್ಲ, ಕಲಿಸಿದ ತಾಯಿತಂದೆಗಳದೆಂಬುದನ್ನು ಆಕೆಯು ಚೆನ್ನಾಗಿ ತಿಳಿದಿದ್ದಳು.

೧೮೮೦ರಲ್ಲಿ ಅಣ್ಣನು ಢಾಕಾ ನಗರದಲ್ಲಿ ತೀರಿಕೊಂಡನು. ಅದೇ ವರ್ಷ ಆಕೆಯು ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಮದುವೆಯಾದಳು. ಅವರು ಬ್ರಾಹ್ಮಣರಲ್ಲದುದರಿಂದ ಸಮಾಜವು ಇಬ್ಬರನ್ನೂ ದೂರಮಾಡಿತು. ೧೮೮೧ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ೧೮೮೨ರಲ್ಲಿ ಪತಿಯು ತೀರಿಕೊಂಡರು. ಇಪ್ಪತ್ತುನಾಲ್ಕು ವರ್ಷ ತುಂಬುವುದರೊಳಗೆ ಆಕೆಯು ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಈ ಐವರನ್ನೂ ಕಳೆದುಕೊಂಡು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ವಿಧವೆಯಾಗಿ ನಿಂತಳು.

ಆ ಕಾಲದಲ್ಲಿ ವಿಧವೆಯಾದವಳಿಗೆ ಮನೆಯ ಮೂಲೆಯೇ ಗತಿ. ರಮಾಬಾಯಿಯು ಮೂಲೆಯನ್ನು ಹಿಡಿಯಲಿಲ್ಲ. ಅದೇ ವರ್ಷ ಪುಣೆಗೆ ಹೋಗಿ ಆರ್ಯ ಮಹಿಳಾ ಸಮಾಜವೆಂಬ ಸಂಘವನ್ನು ಸ್ಥಾಪಿಸಿದಳು. ಹೆಂಗಸರು ತಾವಾಗಿ ಒಂದೆಡೆ ಕೂಡಿ, ಬಾಲ್ಯವಿವಾಹವನ್ನೂ ಅವಿದ್ಯೆಯನ್ನೂ ಕುರಿತು ವಿಚಾರಮಾಡಲು ತೊಡಗಿದರು. ನ್ಯಾಯಮೂರ್ತಿ ರಾನಡೆಯವರ ಪತ್ನಿಯಂತಹವರೂ ಅದರಲ್ಲಿ ಸೇರಿದರು. ಆಗ ಸರ್ಕಾರವು ನೇಮಿಸಿದ್ದ ಹಂಟರ್ ವಿದ್ಯಾ ಆಯೋಗದ ಮುಂದೆ ರಮಾಬಾಯಿಯು ಸಾಕ್ಷ್ಯವನ್ನು ನುಡಿದಳು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೆಂಗಸರನ್ನೇ ತರಬೇತು ಮಾಡಬೇಕು, ಶಾಲೆಗಳ ತನಿಖೆಗೆ ಹೆಂಗಸರನ್ನು ನೇಮಿಸಬೇಕು, ಹೆಂಗಸರ ರೋಗಗಳನ್ನು ನೋಡಲು ಹೆಂಗಸರೇ ವೈದ್ಯರಾಗಬೇಕು ಎಂಬುದೇ ಆಕೆಯ ಬೇಡಿಕೆ. ಇವು ಇಂದು ನಮಗೆ ಸಾಮಾನ್ಯವಾಗಿ ಕಾಣುತ್ತವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಉಪಾಧ್ಯಾಯಿನಿಯರಾಗಿದ್ದಾರೆ. ಈ ಊರಿನಲ್ಲಿ ೧೯೧೦ರಲ್ಲಿ ಪ್ರಾರಂಭವಾದ ಎಲೆನ್ ಥೋಬರ್ನ್ ಕೋವನ್ ಆಸ್ಪತ್ರೆಯಲ್ಲಿ ದಾದಿಯರ ಕೆಲಸ ಕಲಿತ ಹೆಣ್ಣುಮಕ್ಕಳು ನಮ್ಮೆಲ್ಲರ ಮನೆಗಳಲ್ಲಿಯೂ ಉಂಟು. ೧೮೮೨ರಲ್ಲಿ ಇವುಗಳನ್ನು ಬಾಯಿಬಿಟ್ಟು ಕೇಳುವುದಕ್ಕೆ ಎದೆಗಾರಿಕೆ ಬೇಕಾಗಿದ್ದಿತು.

ಸಮುದ್ರದಾಚೆ

ವೈದ್ಯಶಾಸ್ತ್ರವನ್ನು ತಾನೇ ಕಲಿತುಬರಬೇಕೆಂದು ಆಕೆಯು ೧೮೮೩ರಲ್ಲಿ ಇಂಗ್ಲೆಂಡಿಗೆ ಹೊರಟಳು. ದಾರಿಯ ಖರ್ಚಿಗೆ ತಾನು ಮರಾಠಿಯಲ್ಲಿ ಬರೆದಿದ್ದ ಸ್ತ್ರೀಧರ್ಮನೀತಿ ಎಂಬ ಪುಸ್ತಕದ ಹಣವೇ ಆಧಾರವಾಯಿತು. ಆದರೆ ಅಲ್ಲಿ ಹೋದ ಮೇಲೆ ಕಿವಿಯು ಮಂದವಾಗಿದ್ದುದರಿಂದ ವೈದ್ಯವಿದ್ಯೆಯು ಆಕೆಗೆ ಸಾಧ್ಯವಿಲ್ಲವೆಂದು ತಿಳಿಯಿತು. ಎಷ್ಟು ದೂರ ಬಂದು ಎಂತಹ ಬಾಗಿಲು ಮುಚ್ಚಿತು! ಆಕೆಯು ಹಿಂದಿರುಗಲಿಲ್ಲ, ಉಪಾಧ್ಯಾಯಿನಿಯಾಗುವ ಮಾರ್ಗವನ್ನು ಹಿಡಿದಳು. ವಾಂಟೇಜ್ ಎಂಬ ಊರಿನಲ್ಲಿ ಕ್ರೈಸ್ತ ಸಹೋದರಿಯರ ಆಶ್ರಯದಲ್ಲಿದ್ದಾಗ, ದಾರಿತಪ್ಪಿದವರೆಂದು ಲೋಕವು ತಳ್ಳಿದ ಹೆಂಗಸರನ್ನು ಅವರು ಆದರದಿಂದ ಕಾಪಾಡುತ್ತಿದ್ದುದು ಆಕೆಯ ಮನಸ್ಸನ್ನು ಬಹಳವಾಗಿ ಸೆಳೆಯಿತು. ೧೮೮೩ರ ಸೆಪ್ಟೆಂಬರ್ ೨೯ರಂದು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದಳು. ಮುಂದೆ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ತಾನು ಕಲಿಯುತ್ತಲೂ ಸಂಸ್ಕೃತವನ್ನು ಕಲಿಸುತ್ತಲೂ ಇದ್ದಳು.

ಇಲ್ಲಿ ನಡೆದ ಒಂದು ಸಂಗತಿಯು ಗಮನಕ್ಕೆ ಯೋಗ್ಯವಾದುದು. ಆಕೆಯು ಪುರುಷ ವಿದ್ಯಾರ್ಥಿಗಳಿಗೂ ಪಾಠ ಹೇಳುವ ಸಂದರ್ಭ ಬಂದಾಗ ಇಂಡಿಯಾದಲ್ಲಿದ್ದ ಬಿಷಪ್ಪರು ಅದು ತರವಲ್ಲವೆಂದು ತಡೆದರು. ಹಿಂದೂದೇಶದಲ್ಲಿ ಗಂಡಸರ ಸಭೆಗಳಲ್ಲಿ ಮಾತನಾಡಿ ಬಂದವಳಿಗೆ ಇದು ವಿಚಿತ್ರವಾಗಿ ತೋರಿತು. ಧರ್ಮದ ವಿಷಯದಲ್ಲಿಯೂ ಹಿರಿಯರು ಹೇಳಿದುದನ್ನೆಲ್ಲಾ ವಿಚಾರಿಸದೆ ಒಪ್ಪಲು ಆಕೆಗೆ ಆಗಲಿಲ್ಲ. ತನಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟವರಿಗೆ ಕೃತಜ್ಞಳಾಗಿದ್ದಳು. ಆದರೆ ಕೃತಜ್ಞತೆಗಾಗಿ ಮನಸ್ಸಾಕ್ಷಿಯನ್ನು ಒತ್ತೆಯಿಡಲಿಲ್ಲ. ಪತ್ರಗಳಲ್ಲಿ ನೇರವಾಗಿ, ಕೆಲವು ವೇಳೆ ಬಿರುಸಾಗಿಯೇ, ವಾದಿಸಿದಳು. ಆಕೆಯೊಡನೆ ವಾದಿಸುವುದು ಸ್ನೇಹಿತರಿಗೂ ಸುಲಭವಾಗಿರಲಿಲ್ಲ. ಮಿಷನ್ ಶಾಲೆಗಳಲ್ಲಿ ಓದಿ, ದೊಡ್ಡವರ ಉಪ್ಪನ್ನುಂಡು ಬೆಳೆದ ನನ್ನಂತಹವರಿಗೆ ವಿನಯವೆಂದರೇನು, ಮಾತಿಲ್ಲದೆ ತಲೆಬಾಗುವುದೆಂದರೇನು ಎಂಬ ವ್ಯತ್ಯಾಸವನ್ನು ಈ ಭಾಗವು ತಿಳಿಸಿಕೊಡುತ್ತದೆ.

೧೮೮೬ರಲ್ಲಿ ಆಕೆಯು ಅಮೇರಿಕಾ ದೇಶಕ್ಕೆ ಹೋದಳು. ಫಿಲಡೆಲ್ಫಿಯಾ ನಗರದಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆದ ಸಮಾರಂಭವನ್ನು ನೋಡುವುದು ಆ ಪ್ರಯಾಣದ ಮೊದಲ ಉದ್ದೇಶವಾಗಿತ್ತು. ತನಗೆ ದೊರೆಯದ ವಿದ್ಯೆಯು ಇನ್ನೊಬ್ಬಳಿಗೆ ದೊರೆತುದನ್ನು ಕಂಡು ಸಂತೋಷಪಡುವುದಕ್ಕಾಗಿ ಆಕೆಯು ಸಮುದ್ರವನ್ನು ದಾಟಿದಳು. ಆ ದೇಶದಲ್ಲಿ ಎರಡು ವರ್ಷಗಳಿಗೂ ಮಿಕ್ಕು ಸಂಚರಿಸಿ, ಮಕ್ಕಳಿಗೆ ಆಟದ ಮೂಲಕ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸಮಾಡಿದಳು. ೧೮೮೭ರಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಬರೆದಳು. ಅದೇ ವರ್ಷ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಏರ್ಪಟ್ಟು, ವಿಧವೆಯರ ಶಾಲೆಗಾಗಿ ಹತ್ತು ವರ್ಷಗಳ ಕಾಲ ಧನಸಹಾಯ ಮಾಡುವುದಾಗಿ ಒಪ್ಪಿತು.

ಶಾರದಾ ಸದನ

೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯು ತೆರೆಯಲ್ಪಟ್ಟಿತು. ಮೊದಲನೆಯ ವಿಧವೆ ವಿದ್ಯಾರ್ಥಿನಿಯು ಗೋದೂಬಾಯಿ ಎಂಬವಳು. ಈಕೆಯೇ ಮುಂದೆ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾದಳು. ಸ್ತ್ರೀವಿದ್ಯೆಗಾಗಿ ಕರ್ವೆಯವರು ಮಾಡಿದ ಸೇವೆಯು ಲೋಕಪ್ರಸಿದ್ಧವಾದುದು. ೧೮೯೦ರಲ್ಲಿ ಸದನವು ಪುಣೆಗೆ ವರ್ಗವಾಯಿತು. ಅಲ್ಲಿ ಹುಡುಗಿಯರು ತಮ್ಮ ತಮ್ಮ ಆಚಾರಗಳನ್ನೂ ಊಟದ ನಿಯಮಗಳನ್ನೂ ಪಾಲಿಸಿಕೊಳ್ಳಲು ಸ್ವತಂತ್ರರಾಗಿದ್ದರು. ರಾನಡೆ, ಭಂಡಾರ್ಕರ್ ಮೊದಲಾದ ಹಿರಿಯರು ಸಲಹಾಮಂಡಲಿಯಲ್ಲಿದ್ದರು.

ಆದರೆ ರಮಾಬಾಯಿಯು ತನ್ನ ಕೊಠಡಿಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕೂರುತ್ತಿದ್ದರು. ಇದರಿಂದ ಮಾತು ತಪ್ಪಿದಂತಾಯಿತೆಂದು ಪುಣೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. ೧೮೯೩ರಲ್ಲಿ ಸಲಹಾಮಂಡಲಿಯವರು ರಾಜೀನಾಮೆಯಿತ್ತರು. ತಂದೆತಾಯಂದಿರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅವರಿಗೂ ಅವರದೇ ಆದ ನೋವು ಇದ್ದಿತೆಂಬುದನ್ನು ನಾವು ಒಪ್ಪಬೇಕು. ತಮ್ಮ ಮಕ್ಕಳನ್ನು ನಂಬಿ ಒಪ್ಪಿಸಿದವರು ಅವರು. ಆ ನಂಬಿಕೆಯು ಎಷ್ಟು ಸೂಕ್ಷ್ಮವಾದುದೆಂಬುದು ಶಾಲೆ ನಡೆಸುವವರಿಗೆಲ್ಲಾ ಗೊತ್ತು. ರಮಾಬಾಯಿಯು ತನ್ನ ನಂಬಿಕೆಯನ್ನು ಮುಚ್ಚಿಡಲೂ ಇಲ್ಲ, ಬಿಟ್ಟು ಹೋದವರ ಮೇಲೆ ಹಗೆಯನ್ನು ಸಾಧಿಸಲೂ ಇಲ್ಲ. ಉಳಿದ ಹುಡುಗಿಯರಿಗೆ ಎಂದಿನಂತೆ ಪಾಠಗಳನ್ನು ನಡೆಸಿದಳು.

ಕೇಡಗಾಂವದ ಬಾವಿಗಳು

ಅಮೇರಿಕೆಯ ಹತ್ತು ವರ್ಷದ ಸಹಾಯವು ಒಂದು ದಿನ ಮುಗಿಯುವುದೆಂದು ಮುಂದಾಲೋಚಿಸಿ, ಶಾಲೆಯು ತನ್ನ ಕಾಲಮೇಲೆ ನಿಲ್ಲಬೇಕೆಂಬ ಉದ್ದೇಶದಿಂದ ಪುಣೆಗೆ ಮೂವತ್ತು ನಲವತ್ತು ಮೈಲಿ ದೂರದ ಕೇಡಗಾಂವದಲ್ಲಿ ಆಕೆಯು ಜಮೀನನ್ನು ಕೊಂಡಿದ್ದಳು. ಹಣ್ಣಿನ ತೋಟವನ್ನು ಮಾಡಿ ಅದರ ಆದಾಯದಿಂದ ಶಾಲೆಯನ್ನು ನಡೆಸಬೇಕೆಂಬುದು ಸಂಕಲ್ಪ. ಅಷ್ಟರಲ್ಲಿ ೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಭಯಂಕರವಾದ ಕ್ಷಾಮವು ಬಂದಿತು. ಆ ಸುದ್ದಿಯನ್ನು ಕೇಳಿದಾಗ ರಮಾಬಾಯಿಯ ಕಣ್ಣಮುಂದೆ ಇಪ್ಪತ್ತು ವರ್ಷಗಳ ಹಿಂದಿನ ತನ್ನ ತಾಯಿಯ ಮುಖವು ಬಂದು ನಿಂತಿರಬೇಕು. ಕೈಯಲ್ಲಿ ಹಣವಿದೆಯೇ, ಜಾಗವಿದೆಯೇ ಎಂದು ಲೆಕ್ಕಹಾಕುತ್ತಾ ಕೂರದೆ ಆಕೆಯು ತಾನೇ ಹೊರಟು ಹೋದಳು. ಪರಿಹಾರದ ಶಿಬಿರಗಳಲ್ಲಿ ದಿಕ್ಕಿಲ್ಲದ ಹುಡುಗಿಯರು ಎಂತೆಂತಹವರ ಕೈಗೆ ಸಿಕ್ಕುತ್ತಿದ್ದರೆಂಬುದನ್ನು ಕಣ್ಣಾರೆ ಕಂಡು, ಸುಮಾರು ಮುನ್ನೂರು ಮಂದಿಯನ್ನು ಕರೆತಂದಳು.

೧೮೯೭ರಲ್ಲಿ ಪುಣೆಗೆ ಪ್ಲೇಗು ಬಂದುದರಿಂದ ಅವರನ್ನು ಊರಿನಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಎಲ್ಲರೂ ಕೇಡಗಾಂವದ ಬಯಲಿಗೆ ನಡೆದರು. ಮೊದಲು ಗುಡಾರಗಳು, ಆಮೇಲೆ ಕಟ್ಟಡಗಳು. ಹೀಗೆ ಮುಕ್ತಿ ಸದನವು ಹುಟ್ಟಿತು. ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರಿಗೆ ಆಗುತ್ತಿದ್ದ ಅವ್ಯವಸ್ಥೆಯನ್ನು ಆಕೆಯು ಪತ್ರಿಕೆಯಲ್ಲಿ ಬರೆದು ಸರ್ಕಾರವನ್ನೂ ಪ್ರಶ್ನಿಸಿದಳು. ಮುಂಬಯಿಯ ಗವರ್ನರು ಅದನ್ನು ಅಲ್ಲಗಳೆದರೂ ತಾನು ಹೇಳಿದುದನ್ನು ಆಕೆಯು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗುಜರಾತಿನಲ್ಲಿ ಕ್ಷಾಮವು ಬಂದಾಗ ಅಲ್ಲಿಂದಲೂ ಮಕ್ಕಳು ಬಂದರು. ೧೯೦೦ರ ಹೊತ್ತಿಗೆ ಕೇಡಗಾಂವದಲ್ಲಿ ಸಾವಿರದ ಐನೂರು ಜನರೂ ನೂರಕ್ಕೆ ಮಿಕ್ಕಿದ ದನಕರುಗಳೂ ಇದ್ದುವು.

ನದಿಯಿಲ್ಲದ ನಾಡಿನವರಾದ ನಮಗೆ ಒಂದು ವಿಷಯವು ಬೇಗನೆ ಅರ್ಥವಾಗುತ್ತದೆ. ಇಷ್ಟು ಜನಕ್ಕೆ ನೀರು ಬೇಕು. ಆಕೆಯು ಬಾವಿಗಳನ್ನು ತೋಡಿಸಿದಳು. ಬೋರ್‌ವೆಲ್ ಸಾವಿರ ಅಡಿ ಇಳಿದರೂ ನೀರು ಕಾಣದ ಮಾಲೂರು, ಶ್ರೀನಿವಾಸಪುರದ ಕಡೆಯ ರೈತರ ಮಕ್ಕಳು ಈ ಮಾತನ್ನು ಕೇಳಿ ತಾವಾಗಿಯೇ ನಿಟ್ಟುಸಿರುಬಿಟ್ಟರು. ಬಂದ ಹುಡುಗಿಯರನ್ನು ಬರಿಯ ಅನ್ನಕ್ಕೆ ಕೂರಿಸಲಿಲ್ಲ. ಓದುವವಳಿಗೆ ಓದು, ಓದು ಹತ್ತದವಳಿಗೆ ನೇಯ್ಗೆ, ಹೊಲಿಗೆ, ಎಣ್ಣೆಯ ಗಾಣ, ಹೈನು, ತೋಟ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆಗಳನ್ನು ಜೋಡಿಸಿದವರೂ ಹುಡುಗಿಯರೇ. ಕಣ್ಣಿಲ್ಲದವರು ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಮನೋರಮೆಯು ಕಲಿತು ಬಂದು ಅಲ್ಲಿಯ ಕುರುಡಿಯರಿಗೆ ಕಲಿಸಿದಳು. ಲೋಕದಿಂದ ನೂಕಲ್ಪಟ್ಟ ಹೆಂಗಸರಿಗೆ ಕೃಪಾ ಸದನವೆಂಬ ಬೇರೊಂದು ಆಶ್ರಯವಿದ್ದಿತು. ಯಾರನ್ನೂ ಕೆಲಸಕ್ಕೆ ಬಾರದವಳೆಂದು ಆಕೆಯು ಬದಿಗೆ ಸರಿಸಲಿಲ್ಲ.

ತಾನೊಬ್ಬಳೇ ಎಲ್ಲವನ್ನೂ ಹೊತ್ತುಕೊಳ್ಳಲೂ ಇಲ್ಲ. ೧೮೯೮ರಲ್ಲಿ ಅಮೇರಿಕಕ್ಕೆ ಮತ್ತೊಮ್ಮೆ ಹೋಗಬೇಕಾಗಿ ಬಂದಾಗ ಕೆಲಸವನ್ನು ಸುಂದರಾಬಾಯಿ ಪವಾರ್ ಮೊದಲಾದವರ ಕೈಗೆ ಒಪ್ಪಿಸಿ ಹೋದಳು, ಕೆಲಸವು ನಡೆಯಿತು. ಮನೋರಮೆಯು ದೊಡ್ಡವಳಾಗಿ ಶಾರದಾ ಸದನದ ಮುಖ್ಯಸ್ಥೆಯಾದಳು. ೧೯೧೨ರಲ್ಲಿ ಕಲಬುರಗಿಯಲ್ಲಿ ಒಂದು ಕ್ರೈಸ್ತ ಹೈಸ್ಕೂಲು ಸ್ಥಾಪಿತವಾಗಿ, ಅದರ ಹೊಣೆಯನ್ನೂ ಮನೋರಮೆಯು ವಹಿಸಿಕೊಂಡಳು. ಗಂಗಾಮೂಲದ ಬುಟ್ಟಿಯಲ್ಲಿ ಕನ್ನಡನಾಡನ್ನು ಬಿಟ್ಟ ಕೂಸಿನ ಕೆಲಸವು ಐವತ್ತನಾಲ್ಕು ವರ್ಷಗಳ ಮೇಲೆ ಶಾಲೆಯಾಗಿ ಕನ್ನಡನಾಡಿಗೇ ಹಿಂದಿರುಗಿತು.

ಕಡೆಯ ದಿನಗಳು

ಕಡೆಯ ವರ್ಷಗಳಲ್ಲಿ ರಮಾಬಾಯಿಯವರು ಸಭೆಗಳಿಂದ ದೂರವಾಗಿ ಮೇಜಿನ ಮುಂದೆ ಕುಳಿತರು. ಹೆಚ್ಚು ಓದುಬಾರದ ಹೆಂಗಸರಿಗೂ ತಿಳಿಯುವಂತಹ ಸುಲಭವಾದ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಬೇಕೆಂಬುದು ಅವರ ಬಯಕೆ. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಕಿವಿಯು ಇನ್ನೂ ಮಂದವಾಗುತ್ತಾ ಹೋಯಿತು. ಕೈಯು ಬರೆಯುತ್ತಲೇ ಇದ್ದಿತು. ೧೯೧೯ರಲ್ಲಿ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ೧೯೨೧ರ ಜುಲೈ ತಿಂಗಳಲ್ಲಿ, ತನ್ನ ನಂತರ ಕೆಲಸವನ್ನು ನಡೆಸುವಳೆಂದು ನಂಬಿದ್ದ ಮನೋರಮೆಯೇ ತಾಯಿಗಿಂತ ಮೊದಲು ತೀರಿಕೊಂಡಳು. ಇದಕ್ಕಿಂತ ದೊಡ್ಡ ಪೆಟ್ಟು ಯಾವ ತಾಯಿಗೂ ಇಲ್ಲ. ಆದರೂ ಭಾಷಾಂತರವನ್ನು ಮುಗಿಸಿ, ೧೯೨೨ರ ಏಪ್ರಿಲ್ ೫ರಂದು ರಮಾಬಾಯಿಯವರು ದೇಹವನ್ನು ಬಿಟ್ಟರು. ಮುಕ್ತಿ ಸದನದ ಕೆಲಸವು ನಿಲ್ಲಲಿಲ್ಲ. ನೂರು ವರ್ಷಗಳು ಕಳೆದ ಮೇಲೆ ಇಂದಿಗೂ ಕೇಡಗಾಂವದಲ್ಲಿ ಅದು ನಡೆಯುತ್ತಿದೆ.

ಹುಡುಗಿಯರು ಕಂಡುಕೊಂಡದ್ದು

ಚರಿತ್ರೆಯು ಮುಗಿದ ಶುಕ್ರವಾರ, ಮುಂದಾಳೆಂದರೆ ಯಾರೆಂದು ನಾನು ಹುಡುಗಿಯರನ್ನು ಕೇಳಿದೆನು. ಧೈರ್ಯವುಳ್ಳವಳೆಂದು ಒಬ್ಬಳು, ಬಹಳ ಓದಿದವಳೆಂದು ಮತ್ತೊಬ್ಬಳು ಹೇಳಿದರು. ಮೊದಲು ನನ್ನ ಬಾಗಿಲಲ್ಲಿ ಬಂದು ನಿಂತಿದ್ದ ಎಂಟನೆಯ ತರಗತಿಯ ಬಾಲಕಿಯು ಏನನ್ನೂ ಹೇಳಲಿಲ್ಲ.

ಒಂದು ವಾರದ ಮೇಲೆ ಅವಳು ಬಂದು ತಾನು ಮಾಡಿ ಬಂದಿದ್ದ ಕೆಲಸವನ್ನು ಅಂಜುತ್ತಾ ತಿಳಿಸಿದಳು. ಅವಳ ತರಗತಿಯಲ್ಲಿ ಮುಳಬಾಗಿಲು ರಸ್ತೆಯ ಹಳ್ಳಿಯೊಂದರ ಹುಡುಗಿಯು ಹದಿನೈದು ದಿನಗಳಿಂದ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಬೀಳುತ್ತಲೇ ಇದ್ದಿತು. ಅದಕ್ಕೆ ಪ್ರತಿದಿನವೂ ಸಹಿಮಾಡುತ್ತಿದ್ದ ನಾವು ಯಾರೂ ವಿಚಾರಿಸಿರಲಿಲ್ಲ. ಮುಂದಾಳು ತನ್ನ ತಾಯಿಯನ್ನೂ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಭಾನುವಾರ ಬಸ್ಸಿನಲ್ಲಿ ಆ ಹಳ್ಳಿಗೆ ಹೋಗಿದ್ದಳು. ತಾಯಿಯಿಲ್ಲದ ಆ ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುವುದಕ್ಕಾಗಿ ಹುಡುಗಿಯನ್ನು ಶಾಲೆಯಿಂದ ನಿಲ್ಲಿಸಿದ್ದರು. ಮದುವೆಯ ಮಾತೂ ಮೆಲ್ಲಗೆ ಹೊರಟಿತ್ತು. ಅಜ್ಜಿಗೆ ತೆಲುಗು ಮಾತ್ರ ಬರುತ್ತಿತ್ತು. ನಮ್ಮ ಹುಡುಗಿಯ ಮನೆಮಾತೂ ತೆಲುಗೇ ಆಗಿದ್ದುದು ಒಳ್ಳೆಯದಾಯಿತು. ಅಜ್ಜಿಯ ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಾ ಮಾತನಾಡಿ, ಚಿಕ್ಕ ತಂಗಿಯನ್ನು ಅಂಗನವಾಡಿಗೆ ಸೇರಿಸುವ ದಾರಿಯನ್ನೂ, ಬಿಟ್ಟುಹೋದ ಪಾಠಗಳನ್ನು ತಾನೇ ಬರೆದುಕೊಡುವ ಮಾತನ್ನೂ ಹೇಳಿ ಬಂದಿದ್ದಳು. ಆಮೇಲೆ ನಾವು ಹಿರಿಯರೂ ಹೋಗಿ ಮಾತನಾಡಿದೆವು. ಆ ಹುಡುಗಿಯು ಶಾಲೆಗೆ ಹಿಂದಿರುಗಿದಳು. ಹತ್ತನೆಯ ತರಗತಿಯನ್ನು ಮೊದಲನೆಯ ಸಾರಿ ಮುಗಿಸಲಾಗಲಿಲ್ಲ. ಎರಡನೆಯ ಸಾರಿ ಮುಗಿಸಿದಳು.

ಕಷ್ಟಪಟ್ಟವರು ಹಲವರು ಕಲ್ಲಾಗುತ್ತಾರಲ್ಲಾ ಎಂಬ ಹಿಂದಿನ ಪ್ರಶ್ನೆಗೆ ನನಗೆ ಈಗ ತೋರುವ ಉತ್ತರವಿದು. ರಮಾಬಾಯಿಯವರು ತಮ್ಮ ಹಸಿವೆಯನ್ನು ಮರೆಯಲಿಲ್ಲ. ಆದರೆ ಅದನ್ನು ತಮ್ಮದೊಂದೇ ಎಂದು ಎಣಿಸಲೂ ಇಲ್ಲ. ಬೇಡುವ ಮಾತು ಬಾಯಿಗೆ ಬಾರದೆ ನಿಂತ ಹುಡುಗಿಗೆ ನೆರೆಮನೆಯ ಗೃಹಿಣಿಯೊಬ್ಬಳು ಕೇಳದೆಯೇ ರೊಟ್ಟಿಯನ್ನು ಕೊಟ್ಟಿದ್ದಳು. ಆ ಗೃಹಿಣಿಯ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ. ಆದರೆ ಕೇಳಲಾರದವರ ಕೊರತೆಯನ್ನು ಕಂಡುಕೊಳ್ಳುವ ಅದೇ ಕಣ್ಣು ಮುಂದೆ ಸಾವಿರಾರು ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಯಿತು. ಮುಂದೆ ನಡೆಯುವವಳು ನಡುನಡುವೆ ಹಿಂದಿರುಗಿ ನೋಡಿ, ಯಾರು ಬರಲಿಲ್ಲವೆಂದು ಎಣಿಸಬೇಕು. ಹಿಂದುಳಿದವಳನ್ನು ಹೊತ್ತುಕೊಂಡು ಹೋಗುವುದಕ್ಕಿಂತಲೂ ಅವಳೇ ನಡೆಯುವಂತೆ ಮಾಡಬೇಕು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ದೊಡ್ಡ ಹುದ್ದೆಗಳಲ್ಲಿದ್ದೀರಿ; ಅನೇಕರು ಮನೆಯನ್ನೂ ಹೊಲವನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದೀರಿ. ಮುಂದಾಳುತನಕ್ಕೆ ಹುದ್ದೆಯು ಬೇಕಿಲ್ಲವೆಂಬುದನ್ನು ಆ ಬಾಲಕಿಯು ನನಗೆ ಕಲಿಸಿದಳು. ತಂದೆತಾಯಂದಿರೇ, ನಿಮ್ಮ ಮಗಳು ಒಂದು ದಿನ ಜೊತೆಯವಳೊಬ್ಬಳ ಸಲುವಾಗಿ ಬಸ್ಸಿನ ದುಡ್ಡನ್ನು ಕೇಳಿದರೆ ಬೇಡವೆನ್ನಬೇಡಿರಿ. ಸಾಧ್ಯವಾದರೆ ಆ ತಾಯಿಯಂತೆ ನೀವೂ ಜೊತೆಯಲ್ಲಿ ಹೋಗಿರಿ. ನಮ್ಮ ಶಾಲೆಯಲ್ಲಿ ಈಗ ಮುಂದಾಳುಗಳು ಮಾತನಾಡಿದವರ ಹೆಸರುಗಳನ್ನು ಹಲಗೆಯ ಮೇಲೆ ಬರೆಯುವುದಿಲ್ಲ. ಬಾರದವರ ಹೆಸರುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದು, ಪ್ರತಿ ಸೋಮವಾರ ನನ್ನ ಕೊಠಡಿಗೆ ತರುತ್ತಾರೆ. ಆ ಪುಸ್ತಕವನ್ನು ಓದುವಾಗ ನಾನು ಬೇರೆ ಕಾಗದಪತ್ರಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದಿಲ್ಲ.